ಮಾತ್ರೇನೇ ಮುಟ್ಟದ ಅಮ್ಮನ ಹೊಟ್ಟೇಲಿ ಇಎಸ್‌ಬಿಎಲ್ ಎಲ್ಲಿಂದ ಬಂತು?

ಗಿರಿನಗರದ_ಮಗಳು

ಎಲ್ರಿಗೂ ನಮಸ್ಕಾರ. ಅಮ್ಮಂಗೆ ನಾಲ್ಕೈದು ದಿನದಿಂದ ಉರಿಮೂತ್ರ, ಜ್ವರಗಿರ ಏನಿಲ್ಲ. ನಮ್ಮ ಏರಿಯಾ ಡಾಕ್ಟ್ರು ಹಳೇ ಕಾಲದವ್ರು, ಮಾತ್ರೆ ಬರೆಯೋ ಮುಂಚೆ ಯೂರಿನ್ ಕಲ್ಚರ್ (ಮೂತ್ರದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಟೆಸ್ಟು) ಮಾಡಿಸ್ಕೊಂಡ್ ಬನ್ನಿ ಅಂದ್ರು. ರಿಪೋರ್ಟ್ ನೋಡಿ ನಂಗೆ ಕೈಕಾಲೇ ಆಡ್ಲಿಲ್ಲ. ಮೇಲೆ ಈ. ಕೋಲಿ ಅನ್ನೋ ಬ್ಯಾಕ್ಟೀರಿಯಾ, ಎಂಎಲ್‌ಗೆ ಒಂದು ಲಕ್ಷಕ್ಕಿಂತ ಜಾಸ್ತಿ ಅಂತಿದೆ, ಕೆಳಗೆ ಔಷಧಿಗಳದ್ದು ಉದ್ದ ಪಟ್ಟಿ, ಒಂದೊಂದರ ಮುಂದೆ ಎಸ್ (ಹತ್ತುತ್ತೆ) ಇಲ್ಲಾ ಆರ್ (ಹತ್ತಲ್ಲ). ಸೆಫಿಕ್ಸಿಮ್ ಆರ್, ಸೆಫ್ಟ್ರಿಯಾಕ್ಸೋನ್ ಆರ್, ಸಿಪ್ರೋಫ್ಲಾಕ್ಸಾಸಿನ್ ಆರ್, ಕೋಟ್ರೈಮಾಕ್ಸಜೋಲ್ ಆರ್. ನೈಟ್ರೋಫ್ಯುರಾಂಟೋಯಿನ್, ಫಾಸ್ಫೋಮೈಸಿನ್, ಅಮಿಕಾಸಿನ್, ಮೆರೋಪೆನೆಮ್, ಇವಿಷ್ಟಕ್ಕೆ ಮಾತ್ರ ಎಸ್. ಕೊನೇಲಿ ದಪ್ಪಕ್ಷರದಲ್ಲಿ ಇಎಸ್‌ಬಿಎಲ್ ಪಾಸಿಟಿವ್.

ಡಾಕ್ಟ್ರು ಹೆದರ್ಕೋಬೇಡಿ ಅಂತ ನೈಟ್ರೋಫ್ಯುರಾಂಟೋಯಿನ್ ಬರೆದ್ರು, ಕಡಿಮೆ ಆಗ್ತಾನೂ ಇದೆ. ಆದ್ರೆ ನನ್ ತಲೇಲಿ ಕೊರೀತಿರೋದು ಬೇರೆ. ಅಮ್ಮ ತಲೆನೋವು ಬಂದ್ರೂ ಅಮೃತಾಂಜನ ಹಚ್ಕೊಂಡು ಸುಮ್ನೆ ಮಲಗೋ ಪೈಕಿ, ಆ್ಯಂಟಿಬಯೋಟಿಕ್ ಅಂತ ಕೊನೇ ಸಲ ಯಾವಾಗ ತಗೊಂಡ್ರೋ ಅವರಿಗೇ ನೆನಪಿಲ್ಲ. ಸಿಕ್ಕಾಪಟ್ಟೆ ಮಾತ್ರೆ ನುಂಗಿದ್ರೆ ತಾನೇ ದೇಹಕ್ಕೆ ಅಭ್ಯಾಸ ಆಗಿ ಔಷಧಿ ಹತ್ತದೇ ಹೋಗೋದು? ಇವರಿಗೆ ಹೇಗೆ?

ಸುಮ್ನೆ_ಓದೋನು

ಲ್ಯಾಬ್ ರಿಪೋರ್ಟೇ ತಪ್ಪಿರ್ಬೋದು, ಇನ್ನೊಂದ್ ಕಡೆ ಮಾಡ್ಸಿ ಅಕ್ಕ.

ಪೆಟ್ರಿಡಿಶ್

ರಿಪೋರ್ಟ್ ತಪ್ಪಿರೋ ಚಾನ್ಸ್ ಕಮ್ಮಿ. ನಾನು ಮೈಕ್ರೋಬಯಾಲಜಿ ಲ್ಯಾಬಲ್ಲೇ ಕೆಲ್ಸ ಮಾಡೋದು, ಇಂಥ ಪ್ಲೇಟು ದಿನಾ ನೋಡ್ತೀವಿ, ಈಗ ಆಶ್ಚರ್ಯಾನೂ ಆಗಲ್ಲ.

ಮೊದ್ಲು ಒಂದು ವಿಷ್ಯ ಕ್ಲಿಯರ್ ಮಾಡ್ಕೊಳಿ ಮೇಡಂ, ಅಭ್ಯಾಸ ಆಗೋದು ದೇಹಕ್ಕಲ್ಲ, ಬ್ಯಾಕ್ಟೀರಿಯಾಗೆ. ಮೂತ್ರದ ಇನ್‌ಫೆಕ್ಷನ್ ಮಾಡೋ ಈ. ಕೋಲಿ ಹೊರಗಿಂದ ಹಾರಿ ಬಂದಿದ್ದಲ್ಲ, ಬಹುಪಾಲು ಕೇಸಲ್ಲಿ ಅವರವರ ಕರುಳಿಂದಾನೇ ಬಂದಿರುತ್ತೆ. ಅಂದ್ರೆ ನಿಮ್ಮ ಅಮ್ಮನ ಕರುಳಲ್ಲಿ ಈ ತಳಿ ಯಾವಾಗಿಂದಾನೋ ಸುಮ್ನೆ ಕೂತಿತ್ತು, ಏನೂ ತೊಂದ್ರೆ ಕೊಡ್ತಿರ್ಲಿಲ್ಲ, ಈಗ ಜಾಗ ಬದಲಾಯಿಸಿದ್ದಕ್ಕೆ ಗೊತ್ತಾಯ್ತು ಅಷ್ಟೆ.

ಇಎಸ್‌ಬಿಎಲ್ ಅನ್ನೋದು ಒಂದು ಕಿಣ್ವ, ಪೆನಿಸಿಲಿನ್ ಮತ್ತೆ ಸೆಫಲೋಸ್ಪೋರಿನ್ ಜಾತಿ ಔಷಧಿಗಳನ್ನ ಕತ್ತರಿಸಿ ಹಾಕುತ್ತೆ. ನಮ್ಮ ದೇಶದಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಸಿಟಿಎಕ್ಸ್-ಎಂ-15 ಅನ್ನೋ ಜೀನು. ಈ ಜೀನಿನ ಮೂಲ ಈ. ಕೋಲಿನೇ ಅಲ್ಲ, ಕ್ಲೂವೆರಾ ಅಂತ ಯಾರಿಗೂ ಹೆಚ್ಚು ಕಾಟ ಕೊಡದ ಇನ್ನೊಂದು ಬ್ಯಾಕ್ಟೀರಿಯಾ, ಅದರ ಕ್ರೋಮೋಸೋಮಲ್ಲಿ ತನ್ನ ಪಾಡಿಗೆ ತಾನಿತ್ತು. ಅಲ್ಲಿಂದ ಎದ್ದು ಪ್ಲಾಸ್ಮಿಡ್ ಅನ್ನೋ ಚಿಕ್ಕ ಡಿಎನ್‌ಎ ಬಳೆ ಮೇಲೆ ಕೂತ್ಕೊಂಡ್ತು. ಪ್ಲಾಸ್ಮಿಡ್ ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ ಬ್ಯಾಕ್ಟೀರಿಯಾಗೆ ಕಾಪಿ ಆಗಿ ಹೋಗುತ್ತೆ, ಅಪ್ಪನಿಂದ ಮಗಂಗೆ ಬರೋವರೆಗೂ ಕಾಯೋದೇ ಇಲ್ಲ. ಕ್ಲಾಸಲ್ಲಿ ಒಬ್ಬ ಬರೆದ ನೋಟ್ಸು ಸಂಜೆ ಅಷ್ಟೊತ್ತಿಗೆ ಎಲ್ಲರ ಕೈಲೂ ಜೆರಾಕ್ಸ್ ಆಗಿರುತ್ತಲ್ಲ ಹಂಗೆ, ಬರೆದೋನ ಹತ್ರ ಒರಿಜಿನಲ್ಲೂ ಇರುತ್ತೆ. ದೆಹಲಿಯಲ್ಲಿ 1999ರಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾದಲ್ಲಿ ಸಿಟಿಎಕ್ಸ್-ಎಂ-15 ಇರೋದನ್ನ 2001ರಲ್ಲಿ ಮೊದಲ ಸಲ ವರದಿ ಮಾಡಿದ್ರು. ಈಗ ಅದಿಲ್ಲದ ಖಂಡ ಹುಡುಕ್ಬೇಕು.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ, ಅಮ್ಮ ಮಾತ್ರೆ ತಗೊಳ್ಳೋದು ಬೇಕಾಗೇ ಇಲ್ಲ, ಬೇರೆ ಯಾರೋ ತಗೊಂಡು ಅವರ ಹೊಟ್ಟೇಲಿ ಬೆಳೆದಿದ್ದು ನೀರಲ್ಲೋ ಸೊಪ್ಪಲ್ಲೋ ಕೈಯಲ್ಲೋ ಇವರ ಹೊಟ್ಟೆಗೆ ಬಂದ್ರೆ ಸಾಕು.

ಕಷಾಯಪ್ರಿಯ

ಇದಕ್ಕೇ ನಾನು ಹೇಳೋದು ಇಂಗ್ಲಿಷ್ ಔಷಧಿ ಸಹವಾಸಾನೇ ಬೇಡ ಅಂತ. ನಮ್ಮಜ್ಜಿ ಕಾಲದಲ್ಲಿ ಇವೆಲ್ಲ ಎಲ್ಲಿತ್ತು? ಮಜ್ಜಿಗೆ, ಜೀರಿಗೆ ಕಷಾಯ, ಬಾರ್ಲಿ ನೀರು. ಹೊಟ್ಟೆ ಶುದ್ಧ ಇದ್ರೆ ಯಾವ ಜೀನೂ ಬರಲ್ಲ.

ಪೆಟ್ರಿಡಿಶ್

ಸಾರ್, ಬಾರ್ಲಿ ನೀರು ಕುಡೀರಿ, ಒಳ್ಳೇದೆ. ಆದ್ರೆ ಜೀನು ನಿಮ್ಮಜ್ಜಿ ಕಾಲದಲ್ಲೂ ಇತ್ತು, ಅವರಜ್ಜಿ ಕಾಲದಲ್ಲೂ ಇತ್ತು. 30,000 ವರ್ಷದ ಹಿಂದೆ ಹೆಪ್ಪುಗಟ್ಟಿದ ಮಣ್ಣಲ್ಲೇ ರೆಸಿಸ್ಟೆನ್ಸ್ ಜೀನ್, ಅಂದ್ರೆ ಔಷಧಿಗೆ ಬಗ್ಗದ ಹಾಗೆ ಮಾಡೋ ಜೀನ್, ಸಿಕ್ಕಿದೆ, 2011ರ ಸ್ಟಡಿ. ಅಮೆಜಾನ್ ಕಾಡಲ್ಲಿ ಹೊರಗಿನವರ ಸಂಪರ್ಕಾನೇ ಇಲ್ಲದೆ ಇದ್ದ ಯಾನೊಮಾಮಿ ಜನರ ಕರುಳಲ್ಲೂ ಸಿಕ್ಕಿದೆ, ಅದು 2015ರದ್ದು, ಆ ಜನ ಆ್ಯಂಟಿಬಯೋಟಿಕ್ ಕಣ್ಣಲ್ಲಿ ನೋಡಿದವ್ರಲ್ಲ. ಬ್ಯಾಕ್ಟೀರಿಯಾ, ಬೂಷ್ಟು ಎಲ್ಲ ಕೋಟ್ಯಂತರ ವರ್ಷದಿಂದ ಒಂದಕ್ಕೊಂದು ವಿಷ ಹಾಕ್ಕೊಂಡೇ ಬಂದಿವೆ, ಅದಕ್ಕೆ ಪ್ರತಿವಿಷಾನೂ ಇಟ್ಕೊಂಡಿವೆ.

ಹೊಸದು ಅಂದ್ರೆ ಸಂಖ್ಯೆ ಮತ್ತೆ ಸ್ಪೀಡು. ಅಮೆರಿಕದಲ್ಲಿ ಅಬಿಗೇಲ್ ಸ್ಯಾಲಿಯರ್ಸ್ ಅಂತ ವಿಜ್ಞಾನಿ ಇದ್ರು, ಅವರ ತಂಡ ಕರುಳಲ್ಲಿ ಅತಿ ಹೆಚ್ಚು ಇರೋ ಬ್ಯಾಕ್ಟೀರಾಯ್ಡಿಸ್ ಅನ್ನೋ ಗುಂಪನ್ನ ನೋಡ್ತು, ಇದು ಈ. ಕೋಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತೆ. 1970ಕ್ಕೆ ಮುಂಚೆ ಸಂಗ್ರಹ ಮಾಡಿಟ್ಟಿದ್ದ ತಳಿಗಳಲ್ಲಿ ಟೆಟ್-ಕ್ಯೂ ಅನ್ನೋ ಟೆಟ್ರಾಸೈಕ್ಲಿನ್ ರೆಸಿಸ್ಟೆನ್ಸ್ ಜೀನ್ ನೂರಕ್ಕೆ ಸುಮಾರು 30ರಲ್ಲಿತ್ತು, 1990ರ ದಶಕದ ತಳಿಗಳಲ್ಲಿ 80 ದಾಟಿತ್ತು. ಆರೋಗ್ಯವಾಗಿ ಓಡಾಡ್ಕೊಂಡಿದ್ದವರ ಕರುಳಲ್ಲೂ ಅಷ್ಟೇ, ಪೇಷಂಟ್‌ಗಳಲ್ಲಿ ಮಾತ್ರ ಅಲ್ಲ. ಇನ್ನೂ ತಮಾಷೆ ಏನಂದ್ರೆ ಆ ಜೀನ್ ಹೊತ್ಕೊಂಡು ಓಡಾಡೋ ಡಿಎನ್‌ಎ ತುಂಡಿಗೆ ಸ್ವಲ್ಪ ಟೆಟ್ರಾಸೈಕ್ಲಿನ್ ತೋರಿಸಿದ್ರೆ ಅದು ಬೇರೆ ಬ್ಯಾಕ್ಟೀರಿಯಾಗೆ ದಾಟೋದು ನೂರರಿಂದ ಸಾವಿರ ಪಟ್ಟು ಜಾಸ್ತಿ ಆಗುತ್ತೆ. ಅಂದ್ರೆ ಔಷಧಿ ಬರೀ ಉಳಿದೋರನ್ನ ಆರಿಸೋದಲ್ಲ, ಜೀನಿಗೆ ಹೊರಡಪ್ಪಾ ಅಂತ ಬಾಗಿಲು ತೆಗೆದು ಕಳಿಸುತ್ತೆ.

ಕಷಾಯಪ್ರಿಯ

ಹಾಗಾದ್ರೆ ಮೊಸರು ತಿಂದ್ರೆ ಒಳ್ಳೇ ಬ್ಯಾಕ್ಟೀರಿಯಾ ಬಂದು ಕೆಟ್ಟದ್ದನ್ನ ಓಡಿಸಲ್ವಾ?

ಪೆಟ್ರಿಡಿಶ್

ಓಡಿಸುತ್ತೆ ಅಂತ ಗ್ಯಾರಂಟಿ ಕೊಡೋಕಾಗಲ್ಲ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಇನ್‌ಸ್ಟಿಟ್ಯೂಟ್ ಅವರು ಆ್ಯಂಟಿಬಯೋಟಿಕ್ ಆದ್ಮೇಲೆ ಪ್ರೋಬಯೋಟಿಕ್ ಕ್ಯಾಪ್ಸೂಲ್ ಕೊಟ್ಟು ನೋಡಿದ್ರು, ಸುಮ್ನೆ ಬಿಟ್ಟೋರಿಗಿಂತ ಇವರ ಕರುಳಿನ ಸ್ವಂತ ಬ್ಯಾಕ್ಟೀರಿಯಾ ವಾಪಸ್ ಬರೋದು ನಿಧಾನ ಆಯ್ತು. ಮೊಸರನ್ನ ಊಟಕ್ಕೆ ತಿನ್ನಿ, ಔಷಧಿ ಅಂತ ತಿನ್ಬೇಡಿ.

ಆಮ್ಸ್ಟರ್‌ಡ್ಯಾಮ್_ಟು_ಬನಶಂಕರಿ

ನಾನು ನೆದರ್‌ಲ್ಯಾಂಡ್ಸಲ್ಲಿ ಕೆಲ್ಸದಲ್ಲಿದ್ದಾಗ ಆಸ್ಪತ್ರೆಗೆ ಹೋದ್ರೆ ಫಸ್ಟ್ ಪ್ರಶ್ನೇನೇ ಇತ್ತೀಚೆಗೆ ಬೇರೆ ದೇಶದ ಆಸ್ಪತ್ರೇಲಿ ಅಡ್ಮಿಟ್ ಆಗಿದ್ರಾ ಅಂತ. ಹೌದು ಅಂದ್ರೆ ಸ್ವಾಬ್ ತಗೊಂಡು, ರಿಸಲ್ಟ್ ಬರೋವರೆಗೂ ಬೇರೆ ರೂಮು. ಆಗ ಸ್ವಲ್ಪ ಉರಿ ಹತ್ತಿತ್ತು, ಏನಪ್ಪಾ ನಮ್ಮನ್ನ ಮೈಲಿಗೆ ಥರ ನೋಡ್ತಾರೆ ಅಂತ. ಆಮೇಲೆ ಅಲ್ಲಿಯವರೇ ಮಾಡಿದ ಒಂದು ಸ್ಟಡಿ ಓದಿದೆ, 2017ರಲ್ಲಿ ಬಂದಿದ್ದು, ಸುಮಾರು 2,000 ಡಚ್ ಪ್ರವಾಸಿಗಳ ಮಲದ ಸ್ಯಾಂಪಲ್ನ ಟ್ರಿಪ್ಪಿಗೆ ಮುಂಚೆ ಮತ್ತೆ ಆಮೇಲೆ ನೋಡಿದಾರೆ. ಹೋಗೋವಾಗ ಇಎಸ್‌ಬಿಎಲ್ ಇಲ್ಲದೇ ಇದ್ದವ್ರಲ್ಲಿ ನೂರಕ್ಕೆ 34 ಜನ ಬರೋವಾಗ ಹೊತ್ಕೊಂಡು ಬಂದಿದ್ರು. ದಕ್ಷಿಣ ಏಷ್ಯಾಕ್ಕೆ ಅಂದ್ರೆ ನಮ್ ಕಡೆಗೆ ಬಂದೋರಲ್ಲಿ ನೂರಕ್ಕೆ 75! ಬಹಳ ಜನಕ್ಕೆ ಒಂದು ತಿಂಗಳಲ್ಲಿ ಹೋಗ್ಬಿಡ್ತು, ಆದ್ರೆ ನೂರಕ್ಕೆ 11 ಜನಕ್ಕೆ ವರ್ಷ ಆದ್ರೂ ಇತ್ತು. ಟ್ರಿಪ್ಪಲ್ಲಿ ಭೇದಿ ಆಗಿ ಆ್ಯಂಟಿಬಯೋಟಿಕ್ ನುಂಗಿದೋರಿಗೆ ರಿಸ್ಕ್ ಇನ್ನೂ ಜಾಸ್ತಿ. ಮನೇಲಿದ್ದ ಇನ್ನೊಬ್ರಿಗೆ ದಾಟೋ ಸಾಧ್ಯತೆ ನೂರಕ್ಕೆ 12 ಅಂತ ಲೆಕ್ಕ ಹಾಕಿದಾರೆ.

ಟೂರಿಸ್ಟು ಸ್ವಲ್ಪ ದಿನ ಇದ್ದು ಹೋಗೋದ್ರಲ್ಲೇ ಹಿಂಗೆ, ನಾವು ಹುಟ್ಟಿದಾಗಿಂದ ಇಲ್ಲೇ ನೀರು ಕುಡೀತಿರೋರು, ಪಾನಿಪುರಿ ತಿಂತಿರೋರು. ಆಂಟಿಗೆ ಹೆಂಗೆ ಬಂತು ಅಂತ ಕೇಳೋ ಬದಲು ನಮಗೆಲ್ಲ ಇಲ್ಲ ಅಂತ ಯಾಕ್ ಅನ್ಕೊಂಡಿದೀವಿ ಅಂತ ಕೇಳ್ಬೇಕು.

ಸುಮ್ನೆ_ಓದೋನು

ಪಾನಿಪುರಿ ವಿಷ್ಯಕ್ಕೆ ಬರ್ಬೇಡಿ ಗುರು 😭

ದೇಶಭಕ್ತ_ಚಾಮರಾಜಪೇಟೆ

ಇದೆಲ್ಲ ಹೊರದೇಶದವರ ನಾಟ್ಕ. 2009-10ರ ಹೊತ್ತಿಗೆ ಒಂದು ಬ್ಯಾಕ್ಟೀರಿಯಾ ಜೀನಿಗೆ ನ್ಯೂ ಡೆಲ್ಲಿ ಅಂತ ಹೆಸರಿಟ್ಟು ನಮ್ಮ ಮೆಡಿಕಲ್ ಟೂರಿಸಂ ಹಾಳು ಮಾಡೋಕೆ ಹೊರಟಿದ್ರಲ್ಲ, ನೆನಪಿಲ್ವಾ.

ಪೆಟ್ರಿಡಿಶ್

ನೆನಪಿದೆ, ಆ ಹೆಸರಿಗೆ ಬೇಜಾರು ಮಾಡ್ಕೊಂಡಿದ್ದೂ ನ್ಯಾಯಾನೇ. ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದು ಆಮೇಲೆ ಸ್ವೀಡನ್‌ಗೆ ವಾಪಸ್ ಹೋದ ಒಬ್ಬ ಪೇಷಂಟಲ್ಲಿ 2008ರಲ್ಲಿ ಸಿಕ್ಕಿದ್ದು, ಎನ್‌ಡಿಎಂ-1. ಮೆರೋಪೆನೆಮ್ ಥರದ ಕೊನೇ ಸಾಲಿನ ಔಷಧಿಗಳನ್ನೇ ಮುರಿಯೋ ಜೀನು. ಗಲಾಟೆ ಎಬ್ಬಿಸಿದ 2010ರ ಪೇಪರಿನ ಮೊದಲ ಲೇಖಕರು ಮದ್ರಾಸ್ ಯೂನಿವರ್ಸಿಟಿಯ ಕಾರ್ತಿಕೇಯನ್ ಕುಮಾರಸ್ವಾಮಿ, ಹೊರದೇಶದವರಲ್ಲ. ಮಾರನೇ ವರ್ಷ ದೆಹಲಿಯ ಬೀದಿ ನೀರು ನೋಡಿದ್ರು, ರಸ್ತೆ ಬದಿ ನಿಂತ, ಸೋರಿದ ನೀರಿನ 171 ಸ್ಯಾಂಪಲಲ್ಲಿ 51ರಲ್ಲಿ ಆ ಜೀನಿತ್ತು, ನಲ್ಲಿ ನೀರಿನ 50ರಲ್ಲಿ 2ರಲ್ಲಿ. ಹೆಸರು ಏನಾದ್ರೂ ಇಟ್ಕೊಳಿ, ನಲ್ಲಿ ನೀರಲ್ಲಿ ಬಂದಿದ್ದಕ್ಕೆ ಏನಂತೀರಿ? ಆಮೇಲೆ ಅದೇ ಜೀನು ಉತ್ತರ ಧ್ರುವದ ಹತ್ರ ಸ್ವಾಲ್‌ಬಾರ್ಡ್ ದ್ವೀಪದ ಮಣ್ಣಲ್ಲೂ ಸಿಕ್ತು, 2019ರ ವರದಿ. ಅದಕ್ಕೆ ಪಾಸ್‌ಪೋರ್ಟು ಬೇಕಾಗಿಲ್ಲ.

ನಮ್ಮ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್, ಅದರ ಲೆಕ್ಕಾನೇ ನೋಡಿ ಬೇಕಾದ್ರೆ. ದೇಶದ ದೊಡ್ಡ ಆಸ್ಪತ್ರೆಗಳಿಂದ ಬಂದ ಈ. ಕೋಲಿಯಲ್ಲಿ 2017ರಲ್ಲಿ ನೂರಕ್ಕೆ ಸುಮಾರು 81 ಇಮಿಪೆನೆಮ್‌ಗೆ (ಮೆರೋಪೆನೆಮ್ ಜಾತೀದೇ) ಬಗ್ತಿದ್ವು, 2022ಕ್ಕೆ ಅದು ಸುಮಾರು 66. ಇದು ಕಾಯಿಲೆ ಜಾಸ್ತಿ ಇರೋ ಆಸ್ಪತ್ರೆ ಲೆಕ್ಕ, ಬೀದಿಯಲ್ಲಿ ಓಡಾಡೋರದ್ದಲ್ಲ, ಆದ್ರೂ ಯಾವ ಕಡೆ ಇಳೀತಿದೆ ಅಂತ ಗೊತ್ತಾಗುತ್ತಲ್ಲ.

ಮೆಡಿಕಲ್_ಮಂಜಣ್ಣ

ಕಾಮಾಕ್ಷಿಪಾಳ್ಯದ ಕಡೆ ನಂದು ಮೆಡಿಕಲ್ ಶಾಪು. ಎಲ್ರೂ ಕೊನೆಗೆ ಬಂದು ನಮ್ ಮೇಲೇ ಬೀಳ್ತೀರ ಅಂತ ಗೊತ್ತು, ಅದಕ್ಕೆ ಮೊದ್ಲೇ ಬರ್ದುಬಿಡ್ತೀನಿ.

ಸಾಯಂಕಾಲ ಆರೂವರೆ ಆದ್ಮೇಲೆ ಅಂಗಡಿ ಮುಂದೆ ನಿಂತು ನೋಡಿ. ಗಾರ್ಮೆಂಟ್ಸ್ ಬಿಟ್ಟಿರುತ್ತೆ. ಒಬ್ಬ ಹೆಣ್ಮಗಳು ಬರ್ತಾಳೆ, ಅಣ್ಣ ಲೂಸ್ ಮೋಷನ್ನು, ಎರಡು ಮಾತ್ರೆ ಕೊಡಿ. ಡಾಕ್ಟ್ರಿಗೆ ತೋರ್ಸಮ್ಮ ಅಂದ್ರೆ ಕ್ಲಿನಿಕ್ಕಿಗೆ ಮುನ್ನೂರು, ಅದ್ರ ಮೇಲೆ ಅರ್ಧ ದಿನದ ಸಂಬಳ ಕಟ್ಟು. ಓಆರ್‌ಎಸ್ ಕೊಟ್ರೆ ಮುಖ ಸಿಂಡರಿಸ್ತಾರೆ, ಇದು ಬರೀ ಉಪ್ಪು ಸಕ್ಕರೆ ನೀರಲ್ವಾ ಮಾತ್ರೆ ಕೊಡಿ ಅಂತಾರೆ. ಕೊಡ್ಲಿಲ್ಲ ಅಂದ್ರೆ ಎದುರುಗಡೆ ಅಂಗಡಿಯೋನು ನಾರ್ಫ್ಲಾಕ್ಸಾಸಿನ್-ಟಿನಿಡಜೋಲ್ ಸ್ಟ್ರಿಪ್ಪನ್ನ ಕತ್ರೀಲಿ ಕಚಕ್ ಅಂತ ಎರಡಕ್ಕೆ ಕತ್ತರಿಸಿ ಪೇಪರ್ ಕವರಲ್ಲಿ ಹಾಕಿ ಕೊಟ್ಟಿರ್ತಾನೆ. ಕತ್ತರಿಸಿದ ತುಂಡಲ್ಲಿ ಹೆಸ್ರೂ ಇರಲ್ಲ, ಎಕ್ಸ್‌ಪೈರಿ ಡೇಟೂ ಇರಲ್ಲ, ಚೀಟಿ ಇಲ್ದೆ ತಗೋಬೇಡಿ ಅಂತ ಹಾಕಿರೋ ಆ ಕೆಂಪು ಗೆರೆ ಅರ್ಧ ಇರುತ್ತೆ.

2014ರಿಂದ ಔಷಧಿ ನಿಯಮದಲ್ಲಿ ಶೆಡ್ಯೂಲ್ ಎಚ್1 ಅಂತ ಒಂದು ಪಟ್ಟಿ ಇದೆ, ಸೆಫಿಕ್ಸಿಮ್, ಮೆರೋಪೆನೆಮ್ ಥರದ್ದಕ್ಕೆ ಬೇರೆ ರಿಜಿಸ್ಟರು, ಡಾಕ್ಟ್ರು ಹೆಸ್ರು ಪೇಷಂಟ್ ಹೆಸ್ರು ಬರೀಬೇಕು, ಮೂರು ವರ್ಷ ಇಡ್ಬೇಕು. ನಾನು ಬರೀತೀನಿ. ಆದ್ರೆ ದಿನಾ ಜಾಸ್ತಿ ಹೋಗೋ ಅಜಿತ್ರೋಮೈಸಿನ್ ಆ ಪಟ್ಟಿಲೇ ಇಲ್ಲ, ಬರೀ ಶೆಡ್ಯೂಲ್ ಎಚ್ ಅಷ್ಟೆ, ಚೀಟಿ ಬೇಕು ಆದ್ರೆ ಆ ಬೇರೆ ರಿಜಿಸ್ಟರ್ ಇಲ್ಲ. ನೆಗಡಿಗೂ ಅದೇ ಬರೀತಾರೆ, ಡಾಕ್ಟ್ರುಗಳೇ ಬರೀತಾರೆ, ಅದನ್ನೂ ಸ್ವಲ್ಪ ಕೇಳಿ.

ಪೆಟ್ರಿಡಿಶ್

ಮಂಜಣ್ಣ ಹೇಳಿದ್ರಲ್ಲಿ ಸುಳ್ಳಿಲ್ಲ. 2019ರ ಪ್ರೈವೇಟ್ ಮಾರುಕಟ್ಟೆ ಲೆಕ್ಕದಲ್ಲಿ ದೇಶದಲ್ಲಿ ಅತಿ ಹೆಚ್ಚು ಖರ್ಚಾದ ಆ್ಯಂಟಿಬಯೋಟಿಕ್ಕೇ ಅಜಿತ್ರೋಮೈಸಿನ್ 500. ನೆಗಡಿ ವೈರಸ್ದು, ಅದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ಸಾಮಾನ್ಯ ಭೇದಿಗೂ ಓಆರ್‌ಎಸ್ಸು, ಮಕ್ಕಳಿಗಾದ್ರೆ ಜಿಂಕ್ ಜೊತೆಗೆ, ಸಾಕು. ರಕ್ತ ಬಿದ್ರೆ, ಜೋರು ಜ್ವರ ಇದ್ರೆ ಡಾಕ್ಟ್ರ ಹತ್ರ ಹೋಗಿ.

ಜೆಪಿನಗರ_ಜಗಳಗಂಟ

ಎಲ್ಲಾ ಸರಿ, ಆದ್ರೆ ಜನ ಕೋರ್ಸ್ ಪೂರ್ತಿ ಮುಗಿಸಲ್ಲ, ಎರಡು ದಿನಕ್ಕೆ ಬಿಟ್ಬಿಡ್ತಾರೆ, ಅದೇ ಅಸಲಿ ಕಾರಣ. ಇದನ್ನ ಯಾಕೆ ಯಾರೂ ಹೇಳ್ತಿಲ್ಲ?

ಪೆಟ್ರಿಡಿಶ್

ಯಾಕಂದ್ರೆ ಅದು ಅಷ್ಟು ಸರಳ ಇಲ್ಲ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಲ್ಲಿ ಕೆಲವು ತಜ್ಞರು ಸೇರಿ ಈ ಪೂರ್ತಿ ಕೋರ್ಸ್ ಅನ್ನೋ ಸಲಹೆಗೆ ಗಟ್ಟಿ ಆಧಾರ ಇಲ್ಲ ಅಂತಾನೇ ಬರೆದ್ರು, ದೊಡ್ಡ ಗಲಾಟೆ ಆಯ್ತು. ಅವರ ವಾದ ಈ ಥ್ರೆಡ್ಡಿಗೆ ಸರಿಯಾಗಿ ಹೊಂದುತ್ತೆ: ನೀವು ಗಂಟಲಿಗೋ ಮೂತ್ರಕ್ಕೋ ಅಂತ ಮಾತ್ರೆ ನುಂಗ್ತೀರಿ, ಆದ್ರೆ ಅದು ಕರುಳಲ್ಲಿರೋ ಕೋಟ್ಯಂತರ ಪಾಪದ ಬ್ಯಾಕ್ಟೀರಿಯಾಗಳ ಮೇಲೂ ಬೀಳುತ್ತೆ, ಎಷ್ಟು ದಿನ ಜಾಸ್ತಿ ತಗೊಂಡ್ರೆ ಅಷ್ಟು ದಿನ ಅಲ್ಲಿ ರೆಸಿಸ್ಟೆಂಟ್ ತಳಿಗೆ ಜಾಗ ಖಾಲಿ ಮಾಡಿಕೊಟ್ಟ ಹಾಗೆ. ಈಗ ಎಷ್ಟೋ ಇನ್‌ಫೆಕ್ಷನ್‌ಗಳಿಗೆ ಮೊದಲಿಗಿಂತ ಚಿಕ್ಕ ಕೋರ್ಸೇ ಸಾಕು ಅಂತ ಟ್ರಯಲ್‌ಗಳೂ ತೋರಿಸಿವೆ. ಹಾಗಂತ ನೀವೇ ಡಿಸೈಡ್ ಮಾಡ್ಬೇಡಿ, ಡಾಕ್ಟ್ರು ಐದು ದಿನ ಅಂದ್ರೆ ಐದು ದಿನ. ಟಿಬಿ ಇದ್ದೋರಂತೂ ಒಂದು ದಿನಾನೂ ತಪ್ಪಿಸೋ ಹಾಗಿಲ್ಲ, ಅದರ ಕಥೇನೇ ಬೇರೆ, ಅಲ್ಲಿ ಪೂರ್ತಿ ಕೋರ್ಸ್ ಅನ್ನೋದು ಪ್ರಾಣದ ಪ್ರಶ್ನೆ.

ಜೆಪಿನಗರ_ಜಗಳಗಂಟ

ಒಪ್ಪಲ್ಲ, ಆದ್ರೂ ಓದಿ ನೋಡ್ತೀನಿ.

ಹೊಸಕೋಟೆ_ಫಾರಂ

ನಾನು ಕೋಳಿ ಸಾಕೋನು. ಇಂಥ ಕಡೆ ಯಾವಾಗ್ಲೂ ಕೋಳಿಯೋರ ಹೆಸ್ರು ಬಂದೇ ಬರುತ್ತೆ, ಇನ್ನೂ ಯಾಕೆ ಬಂದಿಲ್ಲ ಅಂತ ಕಾಯ್ತಿದ್ದೆ 😀 ನಮ್ ಕಡೆ ಹೆಚ್ಚಿನೋರು ಕಂಪನಿ ಕಾಂಟ್ರಾಕ್ಟು, ಮರಿ ಅವರದೇ ಫೀಡ್ ಅವರದೇ ಔಷಧಿ ಅವರದೇ, ಚೀಲದೊಳಗೆ ಏನಿದೆ ಅಂತ ನಮಗೇ ಗೊತ್ತಿರಲ್ಲ. ಕೊಲಿಸ್ಟಿನ್ ಅಂತ ಮುಂಚೆ ಧಾರಾಳವಾಗಿ ಸಿಗ್ತಿತ್ತು, ಹೊಟ್ಟೆ ಕೆಡ್ದೆ ತೂಕ ಬರುತ್ತೆ ಅಂತ ಕೊಡೋರು, 2019ರಲ್ಲಿ ಬ್ಯಾನ್ ಆಯ್ತು.

ಪೆಟ್ರಿಡಿಶ್

ಅಣ್ಣ ನೀವು ಬಂದಿದ್ದು ಒಳ್ಳೇದಾಯ್ತು. ಕೊಲಿಸ್ಟಿನ್ ಯಾಕೆ ಬ್ಯಾನ್ ಆಯ್ತು ಅನ್ನೋದಕ್ಕೆ ಒಂದು ಹಿನ್ನೆಲೆ ಇದೆ. ಮೆರೋಪೆನೆಮ್ಮೂ ಕೆಲಸ ಮಾಡದೇ ಹೋದಾಗ ಐಸಿಯುನಲ್ಲಿ ಕೈಗೆ ಎತ್ಕೊಳ್ಳೋ ಹಳೇ ಔಷಧಿ ಅದು, ಕಿಡ್ನಿಗೆ ಕೆಟ್ಟದ್ದು ಅಂತ ಮನುಷ್ಯರಿಗೆ ಕೊಡೋದು ಬಿಟ್ಟು ಪ್ರಾಣಿಗಳಿಗೆ ಟನ್‌ಗಟ್ಲೆ ಕೊಟ್ರು. 2015ರ ನವೆಂಬರಲ್ಲಿ ಚೀನಾದವರು ಎಂಸಿಆರ್-1 ಅಂತ ಜೀನು ವರದಿ ಮಾಡಿದ್ರು, ಹಂದಿಯ ಈ. ಕೋಲಿಯಲ್ಲಿ, ಅದೂ ಪ್ಲಾಸ್ಮಿಡ್ ಮೇಲೆ. ಅಲ್ಲೀವರೆಗೂ ಕೊಲಿಸ್ಟಿನ್ ರೆಸಿಸ್ಟೆನ್ಸ್ ಒಂದರಿಂದ ಇನ್ನೊಂದಕ್ಕೆ ದಾಟಲ್ಲ ಅನ್ನೋ ನೆಮ್ಮದಿ ಇತ್ತು. ಪೇಪರ್ ಬಂದ ಕೆಲವೇ ತಿಂಗಳಲ್ಲಿ ಬೇರೆ ಬೇರೆ ದೇಶದವರು ಫ್ರೀಜರಲ್ಲಿಟ್ಟಿದ್ದ ಹಳೇ ಸ್ಯಾಂಪಲ್ ತೆಗೆದು ನೋಡಿದ್ರೆ ಅಲ್ಲೂ ಇತ್ತು, ಆಗ್ಲೇ ಊರೆಲ್ಲಾ ಸುತ್ತಿಬಿಟ್ಟಿತ್ತು.

ಫಾರಮ್ಮಿಂದ ಮನುಷ್ಯರಿಗೆ ಬರುತ್ತೆ ಅನ್ನೋದೂ ಹೊಸದಲ್ಲ. ಸ್ಟುವರ್ಟ್ ಲೆವಿ ಅಂತ ಬಾಸ್ಟನ್ ಕಡೆಯ ಡಾಕ್ಟ್ರು 1976ರಲ್ಲೇ ತೋರಿಸಿದ್ರು. ಕೋಳಿ ಫೀಡಿಗೆ ಸ್ವಲ್ಪ ಟೆಟ್ರಾಸೈಕ್ಲಿನ್ ಬೆರೆಸಿದ್ರು, ವಾರದೊಳಗೆ ಕೋಳಿ ಕರುಳಿನ ಬ್ಯಾಕ್ಟೀರಿಯಾ ಹೆಚ್ಚುಕಮ್ಮಿ ಎಲ್ಲಾ ರೆಸಿಸ್ಟೆಂಟ್, ಐದಾರು ತಿಂಗಳಲ್ಲಿ ಫಾರಂ ಮನೆಯವರ ಕರುಳಲ್ಲೂ ಅದೇ ಜೋರಾಯ್ತು. ಅಕ್ಕಪಕ್ಕದ ಮನೆಯವರಲ್ಲಿ ಅಷ್ಟಿಲ್ಲ. ಮಾತ್ರೆ ಯಾರೂ ನುಂಗಿರ್ಲಿಲ್ಲ.

ಹೊಸಕೋಟೆ_ಫಾರಂ

ಹಂಗಾದ್ರೆ ನಮ್ಮನೇಲೇ ಮೊದ್ಲು. ಶೆಡ್ಡಿಂದ ಬಂದ್ಮೇಲೆ ಕೈಕಾಲು ತೊಳ್ಕೊಂಡೇ ಒಳಗೆ ಬನ್ನಿ ಅಂತ ಹೆಂಡ್ತಿ ಯಾವಾಗ್ಲೂ ಬಯ್ತಾಳೆ, ಇದನ್ನ ಅವಳಿಗೆ ತೋರಿಸಲ್ಲ ಬಿಡಿ.

ಎಸ್‌ಟಿಪಿ_ಸೆಕ್ರೆಟರಿ

ಬೆಳ್ಳಂದೂರು ಕಡೆ ಒಂದು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಲ್ಲಿ ಸೆಕ್ರೆಟರಿ ನಾನು. ಯಾರಿಗೂ ಬೇಡವಾದ ಖಾತೆ ನಂದು, ಎಸ್‌ಟಿಪಿ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಘಟಕ. ಇಷ್ಟು ಹೊತ್ತು ಎಲ್ರೂ ಮಾತ್ರೆ, ಅಂಗಡಿ, ಕೋಳಿ ಅಂತಿದೀರ, ಫ್ಲಶ್ ಮಾಡಿದ್ಮೇಲೆ ಏನಾಗುತ್ತೆ ಅಂತ ಯಾರೂ ಕೇಳ್ಲಿಲ್ಲ. ಪೆಟ್ರಿಡಿಶ್ ಮೇಡಂ, ಜೀನು ಮಲದಲ್ಲಿ ತಾನೇ ಹೋಗೋದು?

ಪೆಟ್ರಿಡಿಶ್

ಅಲ್ಲೇ ಇರೋದು ಸಾರ್ ಅಸಲು ವಿಷ್ಯ, ನೀವೇ ಎತ್ತಿದ್ದು ಒಳ್ಳೇದಾಯ್ತು.

2019ರಲ್ಲಿ ಒಂದು ದೊಡ್ಡ ಸ್ಟಡಿ ಬಂತು, 60 ದೇಶದ 74 ಊರುಗಳ ಚರಂಡಿ ನೀರು ತರಿಸಿ ಅದರಲ್ಲಿರೋ ಡಿಎನ್‌ಎ ಪೂರ್ತಿ ಓದಿದ್ರು. ಯುರೋಪು, ಉತ್ತರ ಅಮೆರಿಕ, ಆಸ್ಟ್ರೇಲಿಯಾ ಕಡೆಯದ್ದು ಒಂದು ಗುಂಪು, ಏಷ್ಯಾ ಆಫ್ರಿಕಾ ದಕ್ಷಿಣ ಅಮೆರಿಕದ್ದು ಇನ್ನೊಂದು ಗುಂಪು, ಎರಡಕ್ಕೂ ರೆಸಿಸ್ಟೆನ್ಸ್ ಜೀನ್‌ಗಳಲ್ಲಿ ಸ್ಪಷ್ಟ ವ್ಯತ್ಯಾಸ. ಯಾವ ದೇಶದಲ್ಲಿ ಎಷ್ಟು ಮಾತ್ರೆ ನುಂಗ್ತಾರೆ ಅನ್ನೋದಕ್ಕಿಂತ ಶೌಚ, ನೀರು, ಜನರ ಆರೋಗ್ಯದ ಸ್ಥಿತಿ ಇವುಗಳ ಜೊತೆ ಆ ವ್ಯತ್ಯಾಸ ಹೆಚ್ಚು ಹೊಂದ್ತು. ಅದಕ್ಕೆ ಮುಂಚೆ 2018ರಲ್ಲಿ 103 ದೇಶಗಳ ಲೆಕ್ಕ ಹಾಕಿದ ಇನ್ನೊಂದು ಪೇಪರ್ರೂ ಇದನ್ನೇ ಹೇಳ್ತು. ಒಳ್ಳೇ ನೀರು ಚರಂಡಿ ವ್ಯವಸ್ಥೆ, ಭ್ರಷ್ಟಾಚಾರ ಕಮ್ಮಿ ಇರೋ ಆಡಳಿತ ಎಲ್ಲಿದೆಯೋ ಅಲ್ಲಿ ರೆಸಿಸ್ಟೆನ್ಸ್ ಕಮ್ಮಿ, ಬರೀ ಮಾತ್ರೆ ಲೆಕ್ಕದ ಜೊತೆ ಅಂಥ ಸಂಬಂಧ ಕಾಣಲಿಲ್ಲ.

ಅಂದ್ರೆ ಮಾತ್ರೆ ಜಾಸ್ತಿ ತಗೊಂಡ್ರೂ ಪರ್ವಾಗಿಲ್ಲ ಅಂತ ಅಲ್ಲ, ದಯವಿಟ್ಟು ಹಂಗೆ ಓದ್ಕೋಬೇಡಿ. ತಳಿ ಬೆಳೆದು ಜೋರಾಗೋದಕ್ಕೆ ಔಷಧಿ ಬೇಕು, ಊರಿಗೆಲ್ಲಾ ಹರಡೋದಕ್ಕೆ ಒಬ್ಬರ ಮಲ ಇನ್ನೊಬ್ಬರ ಬಾಯಿಗೆ ಬರೋ ದಾರಿ ಬೇಕು. ಮೊದಲನೇದಕ್ಕೆ ಎಲ್ಲರೂ ಮಂಜಣ್ಣನನ್ನ ಬೈತಾರೆ, ಎರಡನೇದರ ಬಗ್ಗೆ ಬಾಯೇ ಬಿಡಲ್ಲ, ಯಾಕಂದ್ರೆ ಅದಕ್ಕೆ ಪೈಪ್ ಹಾಕ್ಬೇಕು, ರಸ್ತೆ ಅಗೀಬೇಕು, ದುಡ್ಡು ಬೇಕು.

ಕೆಂಗೇರಿ_ನಿವಾಸಿ

ನಮ್ಮ ವೃಷಭಾವತಿ ನೆನಪಾಯ್ತು. ಬಸವನಗುಡಿ ಕಡೆ ಹುಟ್ಟಿ ಇಡೀ ಪಶ್ಚಿಮ ಬೆಂಗಳೂರಿನ ಕೊಳೆ ಹೊತ್ಕೊಂಡು ನಮ್ಮೂರ ಮೇಲೆ ಬೈರಮಂಗಲ ಕೆರೆಗೆ ಹೋಗುತ್ತೆ. ಅಲ್ಲಿ ಆ ನೀರಲ್ಲೇ ಬೆಳೆ ಬೆಳೀತಾರೆ. ಮನೆಯವರು, ಆಸ್ಪತ್ರೆ, ಫ್ಯಾಕ್ಟರಿ ಎಲ್ಲರದ್ದೂ ಒಂದೇ ನೀರಲ್ಲಿ ಸೇರಿದ್ರೆ ಆ ಜೀನುಗಳಿಗೆ ಇನ್ನೇನ್ ಬೇಕು.

ಪೆಟ್ರಿಡಿಶ್

ಹೌದು, ಬೇರೆ ಬೇರೆ ಬ್ಯಾಕ್ಟೀರಿಯಾ ಒಂದೇ ಕಡೆ ದಟ್ಟವಾಗಿ ಸೇರಿ, ಜೊತೆಗೆ ಚೂರು ಔಷಧಿ ಅಂಶಾನೂ ಇದ್ರೆ ಅದಲು ಬದಲು ಸುಲಭ. ಫ್ಯಾಕ್ಟರಿ ಅಂದ್ರಲ್ಲ, ಹೈದರಾಬಾದ್ ಹತ್ರ ಪಟಾನ್‌ಚೆರುವಲ್ಲಿ 2007ರಲ್ಲಿ ಸ್ವೀಡನ್ನಿನ ತಂಡ ಔಷಧಿ ಕಂಪನಿಗಳ ತ್ಯಾಜ್ಯ ಶುದ್ಧೀಕರಿಸೋ ಘಟಕದಿಂದ ಹೊರಗೆ ಬಿಡೋ ನೀರು ನೋಡಿದ್ರು, ಸಿಪ್ರೋಫ್ಲಾಕ್ಸಾಸಿನ್ ಲೀಟರಿಗೆ 31 ಮಿಲಿಗ್ರಾಂವರೆಗೂ ಇತ್ತು. ಮಾತ್ರೆ ತಗೊಂಡೋರ ರಕ್ತದಲ್ಲೂ ಅಷ್ಟಿರಲ್ಲ.

ಎಸ್‌ಟಿಪಿ_ಸೆಕ್ರೆಟರಿ

ನಮ್ಮ ಕಡೆ ಕಥೆ ಹೇಳ್ತೀನಿ. ಕೋರಮಂಗಲ ಚಲ್ಲಘಟ್ಟ ಕಣಿವೆಯ ನೀರು ಎರಡನೇ ಹಂತದವರೆಗೆ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಿದಾರೆ, ಅಂತರ್ಜಲ ಏರಲಿ ಅಂತ. ಅಲ್ಲಿ ಬೋರ್‌ವೆಲ್ಲು ಬತ್ತಿ ಜನ ಒದ್ದಾಡ್ತಿದ್ರು, ಹಂಗಾಗಿ ಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲ. ಆದ್ರೆ ಇನ್ನೂ ಚೆನ್ನಾಗಿ ಶುದ್ಧ ಮಾಡೋ ಮೂರನೇ ಹಂತಾನೂ ಮಾಡಿ ಅಂತ ಅಲ್ಲಿನ ರೈತರು ಕೇಳ್ತಿರೋದ್ರಲ್ಲಿ ನ್ಯಾಯ ಇದೆ.

ಇನ್ನು ನಮ್ಮ ಬಿಲ್ಡಿಂಗ್. ಊರಲ್ಲಿ ಇಂಥ ಸಾವಿರಾರು ಎಸ್‌ಟಿಪಿ ಇವೆ. ಬೇಸ್‌ಮೆಂಟಲ್ಲಿ ಏರೇಷನ್ ಟ್ಯಾಂಕು, ಕಂದು ಬಣ್ಣದ ನೊರೆ, ಪಕ್ಕದಲ್ಲಿ ಬ್ಲೋವರ್ ಗುಂಯ್ ಅಂತಿರುತ್ತೆ, ರಾತ್ರಿ ಶಬ್ದ ಬರುತ್ತೆ ಅಂತ ಫಸ್ಟ್ ಫ್ಲೋರ್ ಅಂಕಲ್ ಕಂಪ್ಲೇಂಟ್ ಕೊಟ್ರೆ ಆಪರೇಟರ್ ಹುಡುಗ ಆಫ್ ಮಾಡಿಬಿಡ್ತಾನೆ. ಕರೆಂಟ್ ಬಿಲ್ ಉಳೀತು ಅಂತ ಕಮಿಟಿಯವರೂ ಸುಮ್ನಿರ್ತಾರೆ. ಗಾಳಿ ಇಲ್ದೆ ಒಳಗಿರೋ ಬ್ಯಾಕ್ಟೀರಿಯಾ ಸತ್ತು ಬೆಳಗ್ಗೆಗೆ ನೀರು ನಾರುತ್ತೆ. ಕ್ಲೋರಿನ್ ಡೋಸಿಂಗ್ ಪಂಪ್ ಕೆಟ್ರೆ ಬಕೆಟಲ್ಲಿ ಹೈಪೋ (ಕ್ಲೋರಿನ್ ದ್ರಾವಣ) ಸುರೀತಾರೆ, ಲೆಕ್ಕ ಇಲ್ಲ. ಆ ನೀರೇ ವಾಪಸ್ ಫ್ಲಶ್ಶಿಗೆ, ಗಾರ್ಡನ್ನಿಗೆ. ಸ್ಪ್ರಿಂಕ್ಲರಲ್ಲಿ ಚಿಮ್ತಿರುತ್ತೆ, ಸಾಯಂಕಾಲ ಅದೇ ಲಾನಲ್ಲಿ ಮಕ್ಕಳು ಹೊರಳಾಡ್ತಿರ್ತವೆ. ಇದರಲ್ಲಿ ನಿಮ್ಮ ಜೀನು ಹೋಗುತ್ತಾ ಇರುತ್ತಾ?

ಪೆಟ್ರಿಡಿಶ್

ಸರಿಯಾಗಿ ನಡೆಯೋ ಎಸ್‌ಟಿಪಿ ಬ್ಯಾಕ್ಟೀರಿಯಾ ಸಂಖ್ಯೇನ ತುಂಬಾ ಇಳಿಸುತ್ತೆ, ಸೊನ್ನೆ ಮಾಡಲ್ಲ. ಅದು ಕೊಳೆ ತಿನ್ಸೋಕೆ ಮಾಡಿದ್ದು, ಜೀನು ತೆಗೆಯೋಕೆ ಮಾಡಿದ್ದಲ್ಲ. ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸತ್ರೂ ಡಿಎನ್‌ಎ ತುಂಡು ಸ್ವಲ್ಪ ಉಳೀಬೋದು. ಆದ್ರೂ ಸತ್ತ ಬ್ಯಾಕ್ಟೀರಿಯಾ ಬದುಕಿರೋದಕ್ಕಿಂತ ವಾಸಿ. ಬ್ಲೋವರ್ ಆಫ್ ಮಾಡ್ಸಬೇಡಿ, ಕ್ಲೋರಿನ್ ಪಂಪ್ ರಿಪೇರಿ ಮಾಡ್ಸಿ, ಉಳಿಕೆ ಕ್ಲೋರಿನ್ ದಿನಾ ಟೆಸ್ಟ್ ಮಾಡಿ ಬುಕ್ಕಲ್ಲಿ ಬರೆಸಿ, ಮಕ್ಕಳಾಡೋ ಕಡೆ ಸ್ಪ್ರಿಂಕ್ಲರ್ ತೆಗೆದು ಡ್ರಿಪ್ ಹಾಕ್ಸಿ. ಸ್ಲಡ್ಜ್ (ಕೆಳಗೆ ಉಳಿಯೋ ಕೆಸರು) ಟ್ಯಾಂಕರ್‌ನೋನು ಎಲ್ಲಿ ಖಾಲಿ ಮಾಡ್ತಾನೆ ಅಂತಾನೂ ಒಂದ್ಸಲ ಕೇಳಿ.

ಸುಮ್ನೆ_ಓದೋನು

ಒಂದು ಡೌಟು. ಕರುಳಲ್ಲಿ ಸುಮ್ನೆ ಕೂತಿರೋ ಬ್ಯಾಕ್ಟೀರಿಯಾಗೆ ಜೀನಿದ್ರೆ ಇರ್ಲಿ ಬಿಡಿ, ನಮಗೇನು ಕಾಯಿಲೆ ಬಂದಿಲ್ವಲ್ಲ?

ಪೆಟ್ರಿಡಿಶ್

ಪಾಕಿಸ್ತಾನದ ಸಿಂಧ್‌ನಲ್ಲಿ ಏನಾಯ್ತು ನೋಡಿ. 2016ರ ಕೊನೇಲಿ ಅಲ್ಲಿನ ಹೈದರಾಬಾದಲ್ಲಿ ಟೈಫಾಯ್ಡ್ ಶುರುವಾಯ್ತು, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನೂ ಹತ್ತಲಿಲ್ಲ. ಡಿಎನ್‌ಎ ಓದಿದ್ರೆ ಆ ಟೈಫಾಯ್ಡ್ ತಳಿ ಒಂದು ಪ್ಲಾಸ್ಮಿಡ್ ಎತ್ಕೊಂಡಿತ್ತು, ಮೇಲೆ ಅದೇ ನಮ್ಮ ಸಿಟಿಎಕ್ಸ್-ಎಂ-15, ಈ. ಕೋಲಿಯಲ್ಲಿ ಮೊದಲೇ ಕಂಡಿದ್ದ ಪ್ಲಾಸ್ಮಿಡ್ಡೇ. ಬಾಯಲ್ಲಿ ತಗೊಳ್ಳೋ ಮಾತ್ರೆ ಅಂತ ಉಳಿದಿದ್ದು ಅಜಿತ್ರೋಮೈಸಿನ್ ಒಂದೇ. ಕರುಳಲ್ಲಿ ಸುಮ್ನೆ ಕೂತಿದ್ದ ಜೀನು ಟೈಫಾಯ್ಡ್‌ಗೆ ದಾಟಿ ಸಾವಿರಾರು ಜನರನ್ನ ಮಲಗಿಸ್ತು. ನಾವು ಇಲ್ಲಿ ಅದೇ ಅಜಿತ್ರೋಮೈಸಿನ್ನ ನೆಗಡಿಗೆ ನುಂಗ್ತಿದೀವಿ. ಪಾಕಿಸ್ತಾನ 2019ರಲ್ಲಿ ಹೊಸ ಟೈಫಾಯ್ಡ್ ಕಾಂಜುಗೇಟ್ ಲಸಿಕೇನ ಮಕ್ಕಳ ಲಸಿಕೆ ಪಟ್ಟಿಗೆ ಸೇರಿಸ್ತು. ಆ ಲಸಿಕೆ ಇಲ್ಲೂ ಸಿಗುತ್ತೆ, ಮಕ್ಕಳಿರೋರು ನಿಮ್ಮ ಡಾಕ್ಟ್ರನ್ನ ಕೇಳಿ.

ಗಿರಿನಗರದ_ಮಗಳು

ಇಷ್ಟೊಂದು ಬರೆದಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್. ಈಗ ನಾನು ಮನೇಲಿ ಏನ್ ಮಾಡ್ಲಿ? ಅಮ್ಮನ ತಟ್ಟೆ ಲೋಟ ಬೇರೆ ಇಡ್ಬೇಕಾ? ಕರುಳಿಂದ ಇದನ್ನ ಪೂರ್ತಿ ತೆಗೆಯೋಕೆ ಔಷಧಿ ಇದ್ಯಾ?

ಪೆಟ್ರಿಡಿಶ್

ತಟ್ಟೆ ಲೋಟ ಬೇರೆ ಇಟ್ಟು ಅವರ ಮನಸ್ಸು ನೋಯಿಸ್ಬೇಡಿ. ಟಾಯ್ಲೆಟ್ಟಿಗೆ ಹೋಗಿ ಬಂದ್ಮೇಲೆ, ಅಡುಗೆಗೆ ಮುಂಚೆ, ಎಲ್ಲರೂ ಸೋಪಲ್ಲಿ ಕೈ ತೊಳೀರಿ, ಅಷ್ಟು ಸಾಕು. ಕರುಳಿಂದ ಓಡಿಸೋಕೆ ಅಂತ ಆ್ಯಂಟಿಬಯೋಟಿಕ್ ಕೊಡಲ್ಲ, ಕೊಟ್ರೆ ಇನ್ನೂ ಹೆಚ್ಚಾಗೋ ಸಾಧ್ಯತೇನೇ ಜಾಸ್ತಿ. ಉರಿ ಹೋದ್ಮೇಲೆ ಸಮಾಧಾನಕ್ಕೆ ಅಂತ ಮತ್ತೆ ಮತ್ತೆ ಕಲ್ಚರ್ ಮಾಡಿಸ್ಬೇಡಿ. ವಯಸ್ಸಾದ ಹೆಂಗಸರಲ್ಲಿ ಏನೂ ತೊಂದ್ರೆ ಇಲ್ದೇನೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣುತ್ತೆ, ಅದನ್ನ ನೋಡಿ ಮಾತ್ರೆ ಶುರು ಮಾಡೋದೇ ದೊಡ್ಡ ಗೋಳು. ಚಳಿ ಜ್ವರ, ಬೆನ್ನು ಪಕ್ಕೆ ನೋವು ಬಂದ್ರೆ ಮಾತ್ರ ತಡ ಮಾಡ್ದೆ ಹೋಗಿ. ಈ ರಿಪೋರ್ಟ್ ಫೋಟೋ ತೆಗೆದು ಫೋನಲ್ಲಿಟ್ಕೊಳಿ, ಮುಂದೆ ಯಾವತ್ತಾದ್ರೂ ಅಡ್ಮಿಟ್ ಆಗೋ ಹಾಗಾದ್ರೆ, ಆಪರೇಷನ್ ಅಂತ ಆದ್ರೆ, ಮೊದಲ ದಿನಾನೇ ತೋರಿಸಿ. ಅದೊಂದು ಕಾಗದದಿಂದ ಸರಿಯಾದ ಔಷಧಿ ಬೇಗ ಸಿಗುತ್ತೆ.

ಮೆಡಿಕಲ್_ಮಂಜಣ್ಣ

ಅಕ್ಕ, ಉಳಿದ ಮಾತ್ರೆ ಇದ್ರೆ ಡಬ್ಬೀಲಿಟ್ಟು ಪಕ್ಕದ ಮನೆಯೋರಿಗೆ ಕೊಡ್ಬೇಡಿ, ಕಮೋಡಿಗೂ ಹಾಕ್ಬೇಡಿ, ಮತ್ತೆ ನಮ್ ಸೆಕ್ರೆಟರಿ ಸಾರ್ ಟ್ಯಾಂಕಿಗೇ ಹೋಗೋದು. ಕಸದ ನಿಯಮದಲ್ಲಿ ಇದನ್ನ ಮಾಮೂಲಿ ಕಸದ ಜೊತೆ ಹಾಕೋ ಹಾಗಿಲ್ಲ, ಬೇರೆ ಕವರಲ್ಲಿ ಕೊಡ್ಬೇಕು. ಕೇರಳದಲ್ಲಿ 2025ರಲ್ಲಿ ಕೋಳಿಕ್ಕೋಡ್ ಕಡೆ ಮನೆಮನೆಯಿಂದ ಉಳಿದ ಔಷಧಿ ವಾಪಸ್ ತಗೊಳ್ಳೋ ಕಾರ್ಯಕ್ರಮ ಶುರು ಮಾಡಿದ್ರು. ನಮ್ಮಲ್ಲೂ ಅಂಥದ್ದು ಮಾಡಿದ್ರೆ ನನ್ನಂಗಡೀಲೇ ಡಬ್ಬ ಇಡೋಕೆ ನಾನು ರೆಡಿ, ಖಾಲಿ ಮಾಡೋಕೆ ಜನ ಬರ್ಬೇಕು ಅಷ್ಟೆ.

ಎಸ್‌ಟಿಪಿ_ಸೆಕ್ರೆಟರಿ

ಮೇಡಂ, ನಮ್ಮ ಟ್ಯಾಂಕಿನ ನೀರಲ್ಲಿ ಈ ಜೀನು ಎಷ್ಟಿದೆ ಅಂತ ಟೆಸ್ಟ್ ಮಾಡಿಸೋಕಾಗುತ್ತಾ? ತೋರಿಸಿದ್ರೆ ಜನರಲ್ ಬಾಡಿಯಲ್ಲಿ ಜನ ಬಾಯ್ ಮುಚ್ಕೊಂಡು ದುಡ್ಡು ಕೊಡ್ತಾರೆ.

ಪೆಟ್ರಿಡಿಶ್

ರಿಸರ್ಚ್ ಲ್ಯಾಬುಗಳು ಮಾಡ್ತವೆ. ಕೋವಿಡ್ ಟೈಮಲ್ಲಿ ನಮ್ಮೂರಿನ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಆ್ಯಂಡ್ ಸೊಸೈಟಿಯವರು ಬೆಂಗಳೂರಿನ ಕೊಳಚೆ ನೀರಿಂದಾನೇ ವೈರಸ್ ಟ್ರ್ಯಾಕ್ ಮಾಡಿದ್ರಲ್ಲ, ವಿಧಾನ ಹೆಚ್ಚುಕಮ್ಮಿ ಅದೇ. ಆದ್ರೆ ನಿಮಗೆ ಅಷ್ಟು ಬೇಡ. ಮಾಮೂಲಿ ಲ್ಯಾಬಲ್ಲಿ ಶುದ್ಧ ಮಾಡಿದ ನೀರಿನ ಫೀಕಲ್ ಕೋಲಿಫಾರ್ಮ್ (ಮಲದಿಂದ ಬರೋ ಬ್ಯಾಕ್ಟೀರಿಯಾ) ಟೆಸ್ಟ್ ಮಾಡ್ಸಿ, ಎಷ್ಟು ಈ. ಕೋಲಿ ದಾಟಿ ಬರ್ತಿದೆ ಅಂತ ಅದರಲ್ಲೇ ಗೊತ್ತಾಗುತ್ತೆ. ಆ ಸಂಖ್ಯೆ ದೊಡ್ಡದಿದ್ರೆ ಜೀನಿನ ಲೆಕ್ಕ ಕೇಳೋ ಅಗತ್ಯಾನೇ ಇಲ್ಲ.

ಎಸ್‌ಟಿಪಿ_ಸೆಕ್ರೆಟರಿ

ಸರಿ, ಸೋಮವಾರ ಸ್ಯಾಂಪಲ್ ಕಳಿಸ್ತೀನಿ. ಡ್ರಿಪ್ ಹಾಕೋರ ನಂಬರ್ ಯಾರ ಹತ್ರಾನಾದ್ರೂ ಇದ್ರೆ ಮೆಸೇಜ್ ಮಾಡಿ, ಲಾನ್ ಸುಮಾರು ಎಂಟು ಗುಂಟೆ ಬರುತ್ತೆ. ಫಸ್ಟ್ ಫ್ಲೋರ್ ಅಂಕಲ್‌ಗೆ ಬ್ಲೋವರ್ ವಿಷ್ಯ ಹೇಳೋಕೆ ಬೇರೆ ಯಾರನ್ನಾದ್ರೂ ಕಳಿಸ್ಬೇಕು, ನನ್ ಮಾತು ಕೇಳಲ್ಲ.